ಅಭಿಮಾನಿ ಚಿತ್ರಗಳೂ ಕಥೆಯ ಒಡೆತನವೂ

ಚಲನಚಿತ್ರವೆಂಬ ಕಲೆ ಹುಟ್ಟಿ ಹೆಚ್ಚು ವರ್ಷ ಕಳೆಯುವ ಮೊದಲೇ, ತೆರೆಯ ಮೇಲೆ ಮೂಡುವ ಕಥೆ ಯಾರ ಸ್ವತ್ತು ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೇರಿದ್ದಿತು. 1907ರಲ್ಲಿ ಅಮೆರಿಕದ ಕೇಲಮ್ ಕಂಪನಿಯವರು, ಲ್ಯೂ ವಾಲೇಸನು 1880ರಲ್ಲಿ ಪ್ರಕಟಿಸಿದ್ದ ‘ಬೆನ್ ಹರ್’ ಕಾದಂಬರಿಯ ಕೆಲವು ಸನ್ನಿವೇಶಗಳನ್ನು ಒಂದೇ ಸುರುಳಿಯ ಮೂಕಚಿತ್ರವಾಗಿ ತೆಗೆದು, ಗ್ರಂಥಕರ್ತನ ವಾರಸುದಾರರನ್ನಾಗಲಿ ಪ್ರಕಾಶಕರಾದ ಹಾರ್ಪರ್ ಸಹೋದರರ ಸಂಸ್ಥೆಯನ್ನಾಗಲಿ ಕೇಳದೆಯೇ ಪ್ರದರ್ಶಕರಿಗೆ ಮಾರಿದರು; ಕೇಳಿ ಪಡೆಯಬೇಕೆಂಬ ಪದ್ಧತಿಯೇ ಆ ಎಳೆಯ ಉದ್ಯಮದಲ್ಲಿ ಆಗಿನ್ನೂ ಬೇರೂರಿರಲಿಲ್ಲ. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪನ್ನು ಬರೆದ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸರು, ಮಾತಿಲ್ಲದ ಚಿತ್ರಗಳ ಚಲನೆಯಿಂದ ಕಥೆಯನ್ನು ಹೇಳುವುದೂ ಆ ಕಥೆಯನ್ನು ನಾಟಕವಾಗಿ ಆಡುವುದಕ್ಕೆ ಸಮಾನವೇ ಆದುದರಿಂದ ಕೇಲಮ್ ಕಂಪನಿಯ ಕಾರ್ಯವು ಕೃತಿಸ್ವಾಮ್ಯದ ಉಲ್ಲಂಘನೆಯೆಂದು ನಿರ್ಣಯಿಸಿದರು. ಹತ್ತು ವರ್ಷಗಳ ತರುವಾಯ ಜರ್ಮನಿಯಲ್ಲಿ ಇದೇ ಪ್ರಶ್ನೆ ಇನ್ನೂ ಕಠಿನವಾದ ರೂಪದಲ್ಲಿ ತಲೆದೋರಿತು. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿಯನ್ನು ಹೆಸರುಗಳನ್ನು ಬದಲಾಯಿಸಿ ಮುರ್ನೌ ಎಂಬ ನಿರ್ದೇಶಕನು 1922ರಲ್ಲಿ ‘ನೊಸ್ಫೆರಾಟು’ ಎಂಬ ಚಿತ್ರವಾಗಿಸಲು, ಸ್ಟೋಕರನ ವಿಧವೆ ದಾವೆ ಹೂಡಿದಳು. 1925ರಲ್ಲಿ ಆ ಚಿತ್ರದ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ಆಜ್ಞೆಯಾಯಿತು. ಅಷ್ಟರಲ್ಲಿ ಕೆಲವು ಪ್ರತಿಗಳು ದೇಶಾಂತರಕ್ಕೆ ಹೋಗಿದ್ದುದರಿಂದ ಚಿತ್ರ ಉಳಿಯಿತು, ಮತ್ತು ಇಂದು ಅದು ಮೂಕಚಿತ್ರಯುಗದ ಶ್ರೇಷ್ಠಕೃತಿಗಳಲ್ಲೊಂದೆಂದು ಗಣ್ಯವಾಗಿದೆ. ನ್ಯಾಯಸಮ್ಮತವಾದ ಆಜ್ಞೆಯೊಂದು ಪೂರ್ಣವಾಗಿ ಜಾರಿಯಾಗಿದ್ದ ಪಕ್ಷದಲ್ಲಿ ಕಲೆಗೆ ತುಂಬಲಾರದ ನಷ್ಟವಾಗುತ್ತಿದ್ದಿತೆಂಬ ಈ ಧರ್ಮಸಂಕಟವು ಮುಂದಿನ ನೂರು ವರ್ಷಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುವುದನ್ನು ಕಾಣುತ್ತೇವೆ.

ಕೇಲಮ್ ಕಂಪನಿಯವರೂ ಮುರ್ನೌನ ನಿರ್ಮಾಪಕರೂ ವ್ಯಾಪಾರಿಗಳು; ಅವರು ಪರರ ಕಥೆಯನ್ನು ಲಾಭಕ್ಕಾಗಿ ಎತ್ತಿಕೊಂಡರು. ಈ ಪ್ರಬಂಧದ ವಿಷಯವಾದ ಅಭಿಮಾನಿ ಚಿತ್ರವು ಬೇರೊಂದು ಕುಲಕ್ಕೆ ಸೇರಿದುದು. ತಾನು ಮೆಚ್ಚಿದ ಕಥಾಲೋಕದಲ್ಲಿ ತಾನೂ ಒಂದಿಷ್ಟು ಹೊತ್ತು ವಾಸಮಾಡಬೇಕೆಂಬ ಹಂಬಲದಿಂದ, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ, ಗೆಳೆಯರನ್ನು ಕೂಡಿಸಿಕೊಂಡು, ಮನೆಯ ಹಿತ್ತಿಲಿನಲ್ಲಿಯೋ ನೆಲಮಾಳಿಗೆಯಲ್ಲಿಯೋ ತೆಗೆದ ಚಿತ್ರಕ್ಕೆ ಆ ಹೆಸರು ಸಲ್ಲುತ್ತದೆ. ಇದಕ್ಕೂ ದೀರ್ಘವಾದ ಪೂರ್ವಚರಿತ್ರೆಯುಂಟು. ಹಾಲ್ ರೋಚನ ‘ಅವರ್ ಗ್ಯಾಂಗ್’ ಎಂಬ ಮಕ್ಕಳ ಹಾಸ್ಯಚಿತ್ರಮಾಲೆ ಅಮೆರಿಕದಲ್ಲಿ ಮನೆಮಾತಾಗಿದ್ದ ಕಾಲದಲ್ಲಿ, ಸಂಚಾರಿ ಛಾಯಾಗ್ರಾಹಕರು ಊರೂರಿಗೆ ಹೋಗಿ ಅಲ್ಲಲ್ಲಿನ ಮಕ್ಕಳಿಂದಲೇ ಅದೇ ಬಗೆಯ ಚಿತ್ರಗಳನ್ನಾಡಿಸಿ ಆ ಊರಿನ ಚಿತ್ರಮಂದಿರದಲ್ಲಿ ತೋರಿಸುತ್ತಿದ್ದರು. ದಕ್ಷಿಣ ಕೆರೊಲಿನಾ ಪ್ರಾಂತದ ಆಂಡರ್ಸನ್ ಎಂಬ ಊರಿನಲ್ಲಿ 1926ರಲ್ಲಿ ತೆಗೆದ ಅಂಥದೊಂದು ಚಿತ್ರವನ್ನು ಅಭಿಮಾನಿ ಚಿತ್ರಗಳ ಪೂರ್ವಜವೆಂದು ಎಣಿಸುವುದುಂಟು. ಕೊಡಕ್ ಕಂಪನಿಯು 1923ರಲ್ಲಿ 16 ಮಿಲಿಮೀಟರಿನ ಫಿಲ್ಮನ್ನೂ 1932ರಲ್ಲಿ ಅದಕ್ಕಿಂತ ಅಗ್ಗವಾದ 8 ಮಿಲಿಮೀಟರಿನ ಫಿಲ್ಮನ್ನೂ ಹೊರತಂದ ಮೇಲೆ, ಚಿತ್ರಗ್ರಹಣವೆಂಬುದು ವೃತ್ತಿನಿರತರ ಕೈಯಿಂದ ಗೃಹಸ್ಥರ ಕೈಗೂ ಅವರ ಮಕ್ಕಳ ಕೈಗೂ ಇಳಿಯಿತು. ಡಾನ್ ಗ್ಲಟ್ ಎಂಬಾತನು 1953ರಿಂದ 1969ರವರೆಗೆ ರಾಕ್ಷಸರನ್ನೂ ಚಿತ್ರಕಥಾಪುಸ್ತಕಗಳ ವೀರಪುರುಷರನ್ನೂ ನಾಯಕರನ್ನಾಗಿಸಿಕೊಂಡು ನಲವತ್ತೊಂದು ಹವ್ಯಾಸಿ ಚಿತ್ರಗಳನ್ನು ತೆಗೆದನು. ಇವುಗಳನ್ನು ನೋಡುತ್ತಿದ್ದವರು ಬಂಧುಮಿತ್ರರಷ್ಟೇ ಆದುದರಿಂದ ಯಾವ ಒಡೆಯನ ಕಣ್ಣೂ ಅತ್ತ ಹೊರಳಲಿಲ್ಲ.

ಅಭಿಮಾನಿಗೂ ಒಡೆಯನಿಗೂ ನಡುವಣ ಸಂಬಂಧವು ಹೊಸದೊಂದು ಸ್ವರೂಪವನ್ನು ತಳೆದುದು ‘ಸ್ಟಾರ್ ಟ್ರೆಕ್’ ಎಂಬ ದೂರದರ್ಶನ ಮಾಲಿಕೆಯಿಂದ. ಜೀನ್ ರಾಡೆನ್‌ಬೆರಿಯು ಕಲ್ಪಿಸಿದ ಈ ಅಂತರಿಕ್ಷಯಾನದ ಕಥೆ 1966ರ ಸೆಪ್ಟೆಂಬರ್ 8ರಂದು ಆರಂಭವಾಗಿ, ಮೂರು ಋತುಗಳಲ್ಲಿ 79 ಕಂತುಗಳನ್ನು ಕಂಡು 1969ರಲ್ಲಿ ನಿಂತುಹೋಯಿತು. ಎರಡನೆಯ ಋತುವಿನ ಕೊನೆಯಲ್ಲಿಯೇ ಅದನ್ನು ನಿಲ್ಲಿಸುವರೆಂಬ ಸುದ್ದಿ ಹರಡಿದಾಗ ಬಿಜೊ ಟ್ರಿಂಬಲ್ ಎಂಬ ಮಹಿಳೆ ಪತಿಯೊಡನೆ ಸೇರಿ ನಾಡಿನಾದ್ಯಂತದ ವೀಕ್ಷಕರಿಂದ ಅದನ್ನು ಪ್ರಸಾರಮಾಡುತ್ತಿದ್ದ ಎನ್‌ಬಿಸಿ ಸಂಸ್ಥೆಗೆ ಕಾಗದಗಳನ್ನು ಬರೆಸಿದಳು. 1968ರ ಜನವರಿಯಲ್ಲಿ ಕ್ಯಾಲ್‌ಟೆಕ್ ವಿದ್ಯಾರ್ಥಿಗಳು ಮೆರವಣಿಗೆ ಹೊರಟು ಆ ಸಂಸ್ಥೆಯ ಬಾಗಿಲಿಗೆ ಬಂದರು. ಮೂರನೆಯ ಋತು ಮಂಜೂರಾಯಿತು. ಮಾಲಿಕೆ ನಿಂತಮೇಲೂ ಅಭಿಮಾನಿಗಳು ಕೈಬರಹದ ಮತ್ತು ಚಕ್ರಮುದ್ರಿತ ಪತ್ರಿಕೆಗಳಲ್ಲಿ ಅದರ ಪಾತ್ರಗಳಿಗೆ ಹೊಸ ಕಥೆಗಳನ್ನು ಬರೆದರು, 1972ರಲ್ಲಿ ನ್ಯೂಯಾರ್ಕಿನಲ್ಲಿ ಸಮ್ಮೇಳನ ನಡೆಸಿದರು, ಉಡುಪುಗಳನ್ನು ಹೊಲಿದು ತೊಟ್ಟರು. ಹತ್ತು ವರ್ಷ ಅಡಗಿದ್ದ ಆ ಕಥೆ 1979ರಲ್ಲಿ ದೊಡ್ಡ ತೆರೆಗೆ ಬಂದಿತೆಂದರೆ, ಆ ನಡುವಣ ಕಾಲದಲ್ಲಿ ಅದರ ಉಸಿರನ್ನು ಕಾಪಾಡಿದವರು ಒಡೆತನದ ಪತ್ರ ಕೈಯಲ್ಲಿದ್ದವರಲ್ಲ, ಇಂಥ ಸಂಬಳವಿಲ್ಲದ ಸೇವಕರು. ಈ ಮಾತನ್ನು ನಾನು ಒತ್ತಿ ಹೇಳುವುದೇಕೆಂದರೆ, ಮುಂದೆ ಬಂದ ವ್ಯಾಜ್ಯಗಳ ಮರ್ಮವು ಇಲ್ಲಿಯೇ ಅಡಗಿದೆ: ಸ್ವತ್ತು ಒಬ್ಬರದು, ಅದನ್ನು ಜೀವಂತವಾಗಿರಿಸಿದ ಶ್ರಮ ಇನ್ನೊಬ್ಬರದು, ಕಾನೂನು ಮೊದಲನೆಯದನ್ನು ಮಾತ್ರ ಬಲ್ಲುದು.

ಈ ಶ್ರಮದ ನಿಷ್ಕಾಮತೆಗೆ ಮಿಸಿಸಿಪಿ ಪ್ರಾಂತದ ಓಷನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಮೂವರು ಬಾಲಕರು ತೋರಿದ ನಿದರ್ಶನಕ್ಕಿಂತ ಮಿಗಿಲಾದುದು ದೊರೆಯಲಾರದು. 1981ರಲ್ಲಿ ತೆರೆಕಂಡ ಸ್ಪೀಲ್‌ಬರ್ಗನ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಚಿತ್ರದಿಂದ ಮೋಹಿತರಾದ ಕ್ರಿಸ್ ಸ್ಟ್ರಾಂಪೊಲಸ್, ಎರಿಕ್ ಜಾಲಾ, ಜೇಸನ್ ಲ್ಯಾಂಬ್ ಎಂಬ ಹುಡುಗರು ಮರುವರ್ಷವೇ ಆ ಚಿತ್ರವನ್ನು ದೃಶ್ಯದಿಂದ ದೃಶ್ಯಕ್ಕೆ ಯಥಾವತ್ತಾಗಿ ಮತ್ತೆ ತೆಗೆಯಲು ಸಂಕಲ್ಪಿಸಿದರು. ರಜೆಯ ದಿನಗಳಲ್ಲಿ ಕೂಡಿಟ್ಟ ಕೈಖರ್ಚಿನ ಹಣದಿಂದ ಚಿತ್ರ ಬೆಳೆಯಿತು, ಹುಡುಗರೂ ಬೆಳೆದರು. ಒಂದು ದೃಶ್ಯದಲ್ಲಿ ಎಳೆಯ ದನಿಯಲ್ಲಿ ಮಾತನಾಡುವ ನಾಯಕನು ಮುಂದಿನ ದೃಶ್ಯದಲ್ಲಿ ಒಡೆದ ದನಿಯ ಯುವಕನಾಗಿ ಕಾಣಿಸಿಕೊಳ್ಳುವಷ್ಟು ದೀರ್ಘವಾಗಿ ಸಾಗಿದ ಆ ಕಾರ್ಯ 1989ರಲ್ಲಿ, ವಿಮಾನದ ಸಮೀಪದ ಕಾಳಗವೊಂದನ್ನುಳಿದು, ಪೂರ್ತಿಯಾಯಿತು. ಆಮೇಲೆ ಬಹುಕಾಲ ಯಾರ ಗಮನಕ್ಕೂ ಬಾರದೆ ಬಿದ್ದಿದ್ದ ಆ ಚಿತ್ರವು 2003ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಚಿತ್ರಮಂದಿರದಲ್ಲಿ ಪ್ರದರ್ಶಿತವಾಗಿ ಜನರನ್ನು ಬೆರಗುಗೊಳಿಸಿತು. ಅದನ್ನು ಕಂಡ ಸ್ಪೀಲ್‌ಬರ್ಗನು ವಕೀಲರಿಂದ ನೋಟೀಸು ಕಳುಹಿಸಲಿಲ್ಲ. ತನ್ನ ಕೈಯಾರೆ ಮೆಚ್ಚುಗೆಯ ಪತ್ರಗಳನ್ನು ಬರೆದನು. ಉಳಿದಿದ್ದ ವಿಮಾನದ ದೃಶ್ಯವನ್ನು ಆ ಗೆಳೆಯರು ನಡುವಯಸ್ಸಿನಲ್ಲಿ, 2014ರಲ್ಲಿ, ತೆಗೆದು ವ್ರತವನ್ನು ಪೂರೈಸಿದರು. ಕಾನೂನಿನ ಅಕ್ಷರವನ್ನು ಹಿಡಿದು ನೋಡಿದರೆ ಇಡೀ ಚಿತ್ರವನ್ನೇ ನಕಲು ಮಾಡಿದ ಇವರಿಗಿಂತ ದೊಡ್ಡ ಅಪರಾಧಿಗಳಿಲ್ಲ. ಭಾವವನ್ನು ನೋಡಿದರೆ, ಇಷ್ಟು ನಿಷ್ಠೆಯ ಪ್ರೇಕ್ಷಕರನ್ನು ಪಡೆದ ಕಲಾವಿದನಿಗಿಂತ ಧನ್ಯನಿಲ್ಲ.

ಎಲ್ಲ ಒಡೆಯರೂ ಹೀಗೆ ಪತ್ರ ಬರೆದು ಮುಗಿಸುವ ಸ್ಥಿತಿಯಲ್ಲಿರಲಿಲ್ಲ. 1977ರ ‘ಸ್ಟಾರ್ ವಾರ್ಸ್’ ಚಿತ್ರವು ಬಂದ ಮರುವರ್ಷವೇ ಎರ್ನಿ ಫಾಸೆಲಿಯಸ್ ಎಂಬಾತನು ಮನೆಬಳಕೆಯ ಉಪಕರಣಗಳನ್ನೇ ನೌಕೆಗಳನ್ನಾಗಿಸಿ ‘ಹಾರ್ಡ್‌ವೇರ್ ವಾರ್ಸ್’ ಎಂಬ ಅಣಕುಚಿತ್ರವನ್ನು ತೆಗೆದನು; 1997ರಲ್ಲಿ ಕೆವಿನ್ ರೂಬಿಯೊ ತೆಗೆದ ‘ಟ್ರೂಪ್ಸ್’ ಎಂಬ ಕಿರುಚಿತ್ರವು ಆಗತಾನೇ ಹರಡುತ್ತಿದ್ದ ಅಂತರ್ಜಾಲದ ಮೂಲಕ ಮನೆಮನೆಗೆ ಹೋಯಿತು, ಮತ್ತು ಅದರ ಕರ್ತನಿಗೆ ಮುಂದೆ ಅದೇ ಕಥಾಲೋಕದ ಅಧಿಕೃತ ಚಿತ್ರಕಥಾಪುಸ್ತಕಗಳನ್ನು ಬರೆಯುವ ಅವಕಾಶ ಒದಗಿತು. 2002ರಲ್ಲಿ ‘ಸ್ಟಾರ್ ವಾರ್ಸ್’ ಕಥೆಯ ಒಡೆತನ ಹೊಂದಿದ್ದ ಲೂಕಾಸ್‌ಫಿಲ್ಮ್ ಸಂಸ್ಥೆಯು ಅಭಿಮಾನಿ ಚಿತ್ರಗಳಿಗೆ ಸ್ಪರ್ಧೆಯನ್ನೇ ಏರ್ಪಡಿಸಿತು. ಆದರೆ ಅಣಕಗಳಿಗೂ ಸಾಕ್ಷ್ಯಚಿತ್ರಗಳಿಗೂ ಮಾತ್ರ ಅಲ್ಲಿ ಪ್ರವೇಶವಿದ್ದು, ಮೂಲಕಥೆಯನ್ನು ಗಂಭೀರವಾಗಿ ಮುಂದುವರಿಸುವ ಚಿತ್ರಗಳಿಗೆ 2007ರವರೆಗೆ ಬಾಗಿಲು ಮುಚ್ಚಿದ್ದಿತು. ಈ ಭೇದವು ಅಮೆರಿಕದ ಕಾನೂನಿಗೆ ಹೊಂದಿಕೊಂಡುದು. ಅಲ್ಲಿಯ 1976ರ ಶಾಸನವು ‘ನ್ಯಾಯೋಚಿತ ಬಳಕೆ’ ಎಂಬ ವಿನಾಯಿತಿಯನ್ನು ಅಂಗೀಕರಿಸಿ ನಾಲ್ಕು ಅಂಶಗಳನ್ನು ಪರಿಶೀಲಿಸಬೇಕೆಂದು ವಿಧಿಸುತ್ತದೆ: ಬಳಕೆಯ ಉದ್ದೇಶ, ಮೂಲಕೃತಿಯ ಸ್ವರೂಪ, ಎತ್ತಿಕೊಂಡ ಭಾಗದ ಪ್ರಮಾಣ, ಮೂಲದ ಮಾರುಕಟ್ಟೆಗೆ ಒದಗುವ ಪರಿಣಾಮ. ಅಣಕವು ಮೂಲವನ್ನು ವಿಮರ್ಶಿಸುವ ಕಾರಣ ಅದಕ್ಕೆ ಈ ಆಶ್ರಯ ದೊರೆಯಬಹುದೆಂದು 1994ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೀಗಾಗಿ, ಕಥೆಯನ್ನು ಅಣಕಿಸುವವನಿಗೆ ಕಾನೂನಿನ ನೆಲೆ ಉಂಟು. ಅದನ್ನು ಪ್ರೀತಿಯಿಂದ, ಶ್ರದ್ಧೆಯಿಂದ ಮುಂದುವರಿಸುವವನಿಗೆ ಇಲ್ಲ.

ಇದೇ ಕಾಲದಲ್ಲಿ ಜಪಾನಿನಲ್ಲಿ ನಡೆದುದನ್ನು ಸ್ಮರಿಸದಿದ್ದರೆ ಚಿತ್ರ ಅಪೂರ್ಣವಾದೀತು. ಒಸಾಕದ ವಿದ್ಯಾರ್ಥಿಗಳ ಬಳಗವೊಂದು 1981ರ ಮತ್ತು 1983ರ ವಿಜ್ಞಾನಕಥಾ ಸಮ್ಮೇಳನಗಳ ಉದ್ಘಾಟನೆಗೆಂದು ಎರಡು ಕಿರು ಅನಿಮೇಷನ್ ಚಿತ್ರಗಳನ್ನು ಮಾಡಿ, ಅವುಗಳಲ್ಲಿ ಹತ್ತಾರು ಪ್ರಸಿದ್ಧ ಕಥೆಗಳ ಪಾತ್ರಗಳನ್ನೂ ನೌಕೆಗಳನ್ನೂ ಯಾರ ಅಪ್ಪಣೆಯೂ ಇಲ್ಲದೆ ಧಾರಾಳವಾಗಿ ತುಂಬಿತು. ಅದೇ ಬಳಗವು ‘ಅಲ್ಟ್ರಾಮನ್’ ಎಂಬ ದೂರದರ್ಶನದ ವೀರನ ಕಥೆಯನ್ನು ಹವ್ಯಾಸಿ ಚಿತ್ರವಾಗಿಸಿದಾಗ, ಹಿದೆಆಕಿ ಅನ್ನೊ ಎಂಬ ತರುಣನು ಅದನ್ನು ನಿರ್ದೇಶಿಸಿ, ತಾನೇ ಆ ವೀರನಾಗಿ ನಟಿಸಿದನು. ಈ ಬಳಗದಿಂದ 1984ರಲ್ಲಿ ಗೈನಾಕ್ಸ್ ಎಂಬ ಚಿತ್ರಶಾಲೆ ಹುಟ್ಟಿತು; ಅನ್ನೊ ಜಗದ್ವಿಖ್ಯಾತ ನಿರ್ದೇಶಕನಾದನು; 2016ರಲ್ಲಿ ಅಧಿಕೃತ ‘ಗಾಡ್ಜಿಲ್ಲಾ’ ಚಿತ್ರದ ನಿರ್ದೇಶನವೂ, 2022ರಲ್ಲಿ ತೆರೆಕಂಡ ಅಧಿಕೃತ ‘ಅಲ್ಟ್ರಾಮನ್’ ಚಿತ್ರದ ಕಥಾರಚನೆಯೂ ಅವನ ಪಾಲಿಗೆ ಬಂದುವು. ತಾರುಣ್ಯದಲ್ಲಿ ಅಪ್ಪಣೆಯಿಲ್ಲದೆ ಆಡಿದ ಕಥೆಯನ್ನೇ ಪ್ರೌಢವಯಸ್ಸಿನಲ್ಲಿ ಅದರ ಒಡೆಯರು ಅವನ ಕೈಗೆ ಒಪ್ಪಿಸಿದರು. ಅಭಿಮಾನಿ ಚಿತ್ರವೆಂಬುದು ಕಲೆಯ ಗುರುಕುಲವೂ ಆಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಈ ಗುರುಕುಲದ ಶಿಷ್ಯರ ಸಂಖ್ಯೆ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಬಹುಬೇಗ ಬೆಳೆಯಿತು. ಡಿಜಿಟಲ್ ಕ್ಯಾಮೆರಾಗಳೂ ಮನೆಯ ಕಂಪ್ಯೂಟರಿನಲ್ಲಿಯೇ ಸಂಕಲನ ಮಾಡುವ ಸಾಧನಗಳೂ ಅಗ್ಗವಾದುವು; 2005ರಲ್ಲಿ ಯೂಟ್ಯೂಬ್ ಬಂದು ಪ್ರದರ್ಶನಕ್ಕೆ ಚಿತ್ರಮಂದಿರದ ಹಂಗನ್ನು ಕಳೆಯಿತು. ನ್ಯೂಯಾರ್ಕ್ ಪ್ರಾಂತದ ಉತ್ತರಭಾಗದಲ್ಲಿ ಜೇಮ್ಸ್ ಕಾಲಿ ಎಂಬಾತನು ತನ್ನ ಸ್ವಂತ ಸಂಪಾದನೆಯನ್ನು ಸುರಿದು, ಮೂಲ ‘ಸ್ಟಾರ್ ಟ್ರೆಕ್’ ಮಾಲಿಕೆಯ ನೌಕೆಯ ಒಳಾಂಗಣವನ್ನು ಗುಂಡಿಗುಂಡಿಯೂ ತಪ್ಪದಂತೆ ಪುನರ್ನಿರ್ಮಿಸಿ, 1969ರಲ್ಲಿ ನಿಂತಿದ್ದ ಕಥೆಯನ್ನು 2004ರಿಂದ ಮುಂದುವರಿಸತೊಡಗಿದನು. ಮೂಲದ ನಟರಾದ ವಾಲ್ಟರ್ ಕೇನಿಗರೂ ಜಾರ್ಜ್ ಟಕೈಯವರೂ ಆ ಹವ್ಯಾಸಿ ಕಂತುಗಳಲ್ಲಿ ತಮ್ಮ ಹಳೆಯ ಪಾತ್ರಗಳನ್ನು ಮತ್ತೆ ಧರಿಸಿದರು. ಟಕೈಯವರು ನಟಿಸಿದ ಕಂತು ವಿಜ್ಞಾನಕಥಾಸಾಹಿತ್ಯದ ಹ್ಯೂಗೊ ಪ್ರಶಸ್ತಿಗೆ 2008ರಲ್ಲಿ ನಾಮನಿರ್ದೇಶಿತವಾಯಿತು. ಇಷ್ಟೆಲ್ಲ ಒಡೆಯರ ಕಣ್ಣೆದುರಿನಲ್ಲಿಯೇ ನಡೆದರೂ ಅವರು ಅಪ್ಪಣೆ ಕೊಡಲಿಲ್ಲ, ಅಡ್ಡಿಯನ್ನೂ ಮಾಡಲಿಲ್ಲ. ಹಣ ಸಂಪಾದಿಸಬಾರದೆಂಬುದೊಂದೇ ಉಭಯರೂ ಬರೆಯದೆ ಒಪ್ಪಿಕೊಂಡಿದ್ದ ನಿಯಮ.

ಆದರೆ ದಾಕ್ಷಿಣ್ಯವು ಹಕ್ಕಾಗಿ ಮಾರ್ಪಡುವುದು ಕೃತಿಸ್ವಾಮ್ಯದ ಕಾನೂನಿನಲ್ಲಿ ದುಸ್ಸಾಧ್ಯ. ಹೊಲದ ಬದುವಿನ ಮೇಲೆ ನೆರೆಯವರು ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ನಡೆದರೆ ಆ ಕಾಲುದಾರಿಯ ಮೇಲೆ ಅವರಿಗೊಂದು ಅನುಭವದ ಹಕ್ಕು ಹುಟ್ಟುವುದೆಂದು ನಮ್ಮ ದೇಶದ ಭೂವ್ಯವಹಾರದ ಶಾಸನ ಹೇಳುತ್ತದೆ. ಕಥೆಯ ಹೊಲದಲ್ಲಿ ಹಾಗಲ್ಲ. ಇಲ್ಲಿ ನಲವತ್ತು ವರ್ಷ ನಡೆದವನೂ ನಿನ್ನೆ ಕಾಲಿಟ್ಟವನೂ ಒಡೆಯನ ಮರ್ಜಿಯ ಮುಂದೆ ಸಮಾನರು. ಈ ಸತ್ಯ ಎಲ್ಲರಿಗೂ ಮನದಟ್ಟಾದುದು ‘ಆಕ್ಸನಾರ್’ ವ್ಯಾಜ್ಯದಲ್ಲಿ.

ಅಲೆಕ್ ಪೀಟರ್ಸ್ ಎಂಬಾತನು ‘ಸ್ಟಾರ್ ಟ್ರೆಕ್’ ಮಾಲಿಕೆಯ 1969ರ ಕಂತೊಂದರಲ್ಲಿ ಕಾಣಿಸಿಕೊಂಡ ಗಾರ್ತ್ ಎಂಬ ಸೇನಾನಿಯ ಪೂರ್ವಚರಿತ್ರೆಯನ್ನು ಪೂರ್ಣಪ್ರಮಾಣದ ಚಿತ್ರವಾಗಿಸಲು ಹೊರಟನು. 2014ರಲ್ಲಿ ಅದರ ಪೀಠಿಕೆಯಾಗಿ ‘ಪ್ರಿಲ್ಯೂಡ್ ಟು ಆಕ್ಸನಾರ್’ ಎಂಬ 21 ನಿಮಿಷಗಳ ಚಿತ್ರ ಹೊರಬಂದಿತು. ಕ್ರಿಶ್ಚಿಯನ್ ಗಾಸೆಟ್ ಅದರ ನಿರ್ದೇಶಕ. ರಿಚರ್ಡ್ ಹ್ಯಾಚ್, ಟೋನಿ ಟಾಡ್, ಗ್ಯಾರಿ ಗ್ರಹಾಮ್ ಮೊದಲಾದ ವೃತ್ತಿನಟರು ಅದರ ಪಾತ್ರಧಾರಿಗಳು. ಯುದ್ಧ ಮುಗಿದ ಬಳಿಕ ಸೇನಾನಿಗಳು ಕುಳಿತು ಅದನ್ನು ನೆನೆಯುವ ಸಾಕ್ಷ್ಯಚಿತ್ರದ ರೀತಿಯಲ್ಲಿ ಕಥೆಯನ್ನು ಹೇಳಿದ ಆ ಚಿತ್ರದ ನಯವೂ ಗಾಂಭೀರ್ಯವೂ ಅಧಿಕೃತ ಚಿತ್ರಗಳಿಗೆ ಕಡಿಮೆಯಿಲ್ಲವೆಂದು ನೋಡಿದವರು ಕೊಂಡಾಡಿದರು. ಕಿಕ್‌ಸ್ಟಾರ್ಟರ್, ಇಂಡಿಗೋಗೋ ಎಂಬ ಸಾರ್ವಜನಿಕ ವಂತಿಗೆಯ ವೇದಿಕೆಗಳ ಮೂಲಕ ಪೂರ್ಣಚಿತ್ರಕ್ಕೆಂದು ಹತ್ತು ಲಕ್ಷ ಡಾಲರುಗಳಿಗೂ ಮಿಕ್ಕಿ ಹಣ ಬಂದಿತು. ಅದರಿಂದ ಕ್ಯಾಲಿಫೋರ್ನಿಯದಲ್ಲಿ ಚಿತ್ರಶಾಲೆಯೊಂದನ್ನು ಸಜ್ಜುಗೊಳಿಸುವ ಕಾರ್ಯವೂ ನಡೆಯಿತು. ಇಲ್ಲಿಗೆ ಹಳೆಯ ಅಲಿಖಿತ ಒಪ್ಪಂದವು ಎರಡು ಕಡೆಯಲ್ಲಿ ಒತ್ತಡಕ್ಕೆ ಸಿಕ್ಕಿತು: ಹಣ ದೊಡ್ಡದಾಯಿತು, ಕೌಶಲವೂ ದೊಡ್ಡದಾಯಿತು.

2015ರ ಡಿಸೆಂಬರ್ 29ರಂದು ‘ಸ್ಟಾರ್ ಟ್ರೆಕ್’ ಕಥೆಯ ಒಡೆಯರಾದ ಪ್ಯಾರಾಮೌಂಟ್ ಮತ್ತು ಸಿಬಿಎಸ್ ಸಂಸ್ಥೆಗಳು ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದುವು. ನೌಕೆಗಳು, ಸಮವಸ್ತ್ರಗಳು, ವಲ್ಕನ್ನರ ಚೂಪುಗಿವಿ, ಕ್ಲಿಂಗಾನ್ ಜನಾಂಗ, ಅವರಾಡುವ ಭಾಷೆ, ಇವೆಲ್ಲ ತಮ್ಮ ಸ್ವತ್ತೆಂದು ವಾದಿಗಳು ಪಟ್ಟಿಮಾಡಿದರು. ವಂತಿಗೆಯ ಹಣ ಸಂಬಳಕ್ಕೂ ವ್ಯಾಪಾರದ ಚಿತ್ರಶಾಲೆಗೂ ವಿನಿಯೋಗವಾಯಿತೆಂದು ಆಪಾದಿಸಿದರು. ಈ ಪಟ್ಟಿಯಲ್ಲಿ ಭಾಷೆಯ ಹೆಸರು ಸೇರಿದುದು ವಿದ್ವಾಂಸರನ್ನು ಎಚ್ಚರಿಸಿತು. ಕ್ಲಿಂಗಾನ್ ಭಾಷೆ ಮಾರ್ಕ್ ಓಕ್ರಾಂಡ್ ಎಂಬ ಭಾಷಾವಿಜ್ಞಾನಿಯು 1984ರ ಚಿತ್ರಕ್ಕಾಗಿ ವ್ಯಾಕರಣಬದ್ಧವಾಗಿ ಕಟ್ಟಿದುದು. 1985ರಲ್ಲಿ ಅದರ ನಿಘಂಟು ಪ್ರಕಟವಾಗಿ, ಅದನ್ನು ಕಲಿತು ಮಾತನಾಡುವವರೂ ಆಗಿದ್ದರು. ಕೃತಕಭಾಷಾಕರ್ತರ ಸಂಘವು ನ್ಯಾಯಾಲಯಕ್ಕೆ ನೆರವಿನ ಟಿಪ್ಪಣಿಯೊಂದನ್ನು ಸಲ್ಲಿಸಿ, ನಿಘಂಟು ಒಬ್ಬರ ಸ್ವತ್ತಾಗಬಹುದು, ಭಾಷೆ ಯಾರೊಬ್ಬರದೂ ಆಗದು ಎಂದು ವಾದಿಸಿತು. ಅಲ್ಲಲ್ಲಿ ಕ್ಲಿಂಗಾನ್ ವಾಕ್ಯಗಳನ್ನೇ ಅದರಲ್ಲಿ ಬರೆದಿದ್ದಿತು. ಈ ಗಹನವಾದ ಪ್ರಶ್ನೆಯನ್ನು ನ್ಯಾಯಾಲಯವು ಬಗೆಹರಿಸದೆಯೇ ವ್ಯಾಜ್ಯ ಮುಗಿಯಿತಾದರೂ, ಅದು ಎದ್ದುದೇ ಚರಿತ್ರೆಯಲ್ಲಿ ದಾಖಲಿಸತಕ್ಕ ಸಂಗತಿ.

2016ರ ಮೇ ತಿಂಗಳಲ್ಲಿ ನಿರ್ದೇಶಕ ಜೆ. ಜೆ. ಏಬ್ರಮ್ಸನು ಅಭಿಮಾನಿಗಳ ಸಭೆಯೊಂದರಲ್ಲಿ, ಅಭಿಮಾನಿಗಳ ಮೇಲೆಯೇ ದಾವೆ ಹೂಡುವುದು ಯುಕ್ತವಲ್ಲವೆಂದು ತನಗೂ ಅಂದಿನ ಹೊಸ ‘ಸ್ಟಾರ್ ಟ್ರೆಕ್’ ಚಿತ್ರದ ನಿರ್ದೇಶಕ ಜಸ್ಟಿನ್ ಲಿನ್‌ನಿಗೂ ಅನ್ನಿಸಿರುವುದರಿಂದ ಅದು ಬೇಗನೆ ಹಿಂದೆಗೆಯಲ್ಪಡುವುದೆಂದು ಸಾರಿದನು. ಹಾಗಾಗಲಿಲ್ಲ, ದಾವೆ ಮುಂದುವರಿಯಿತು. 2017ರ ಜನವರಿ 3ರಂದು ನ್ಯಾಯಾಧೀಶ ಗ್ಯಾರಿ ಕ್ಲಾಸ್ನರರು, ಈ ಚಿತ್ರವು ಅಣಕವೂ ಅಲ್ಲ, ಮೂಲದ ವಿಮರ್ಶೆಯೂ ಅಲ್ಲ, ಉಚಿತವಾಗಿ ತೋರಿಸಿದರೂ ಮೂಲದ ಮಾರುಕಟ್ಟೆಗೆ ಸೇರಿದ್ದೇ ಆದುದರಿಂದ ನ್ಯಾಯೋಚಿತ ಬಳಕೆಯ ಆಶ್ರಯ ಇದಕ್ಕೆ ಸಲ್ಲದೆಂದು ಆದೇಶಿಸಿ, ಸಾಮಾನ್ಯ ಪ್ರೇಕ್ಷಕನ ಕಣ್ಣಿಗೆ ಎರಡೂ ಒಂದೇ ಎನಿಸುವುವೋ ಎಂಬ ಪ್ರಶ್ನೆಯನ್ನು ಜ್ಯೂರಿಗೆ ಬಿಟ್ಟರು. ಜ್ಯೂರಿ ಕೂಡುವ ಮೊದಲೇ, ಜನವರಿ 20ರಂದು, ಉಭಯಪಕ್ಷಗಳೂ ರಾಜಿಯಾದುವು. ಪೂರ್ಣಚಿತ್ರದ ಆಸೆ ಅಲ್ಲಿಗೆ ಕೊನೆಗೊಂಡು, ಹದಿನೈದು ನಿಮಿಷಗಳ ಎರಡು ಭಾಗಗಳಿಗೆ ಮಾತ್ರ ಅವಕಾಶ ಉಳಿಯಿತು.

ಆ ಹದಿನೈದು ನಿಮಿಷಗಳ ಅಳತೆ ಬಂದುದು ವ್ಯಾಜ್ಯ ನಡೆಯುತ್ತಿರುವಾಗಲೇ, 2016ರ ಜೂನ್ 23ರಂದು, ಒಡೆಯರು ಪ್ರಕಟಿಸಿದ ನಿಯಮಾವಳಿಯಿಂದ. ಅದರ ಪ್ರಕಾರ ಒಂದು ಅಭಿಮಾನಿ ಚಿತ್ರವು ಹದಿನೈದು ನಿಮಿಷ ಮೀರಕೂಡದು, ಒಂದೇ ಕಥೆಯಾದರೆ ಎರಡು ಭಾಗಗಳಲ್ಲಿ ಒಟ್ಟು ಮೂವತ್ತು ನಿಮಿಷ, ಮುಂದಿನ ಕಂತುಗಳಿರಕೂಡದು, ಶೀರ್ಷಿಕೆಯಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಹೆಸರು ಇರಕೂಡದು, ವಂತಿಗೆ 50,000 ಡಾಲರುಗಳನ್ನು ದಾಟಕೂಡದು, ಯಾರೂ ಸಂಬಳ ಪಡೆಯಕೂಡದು, ಅಧಿಕೃತ ಮಾಲಿಕೆಗಳಲ್ಲಿ ಎಂದಾದರೂ ದುಡಿದವರು ಭಾಗವಹಿಸಕೂಡದು, ಪ್ರದರ್ಶನ ಉಚಿತವಾಗಿರಬೇಕು. ಐವತ್ತು ವರ್ಷಗಳ ಮೌನದ ತರುವಾಯ ಒಡೆಯರು ಮೊದಲ ಬಾರಿಗೆ ಬಾಯಿಬಿಟ್ಟು ಗೆರೆಯೆಳೆದುದು ಒಂದು ದೃಷ್ಟಿಯಿಂದ ಉಪಕಾರವೇ. ಗೆರೆ ಕಂಡಮೇಲೆ ಭಯ ಕಡಿಮೆಯಾಗುತ್ತದೆ. ಸಂಬಳ ಬೇಡ, ಮಾರಾಟ ಬೇಡ, ವಂತಿಗೆಗೆ ಮಿತಿಯಿರಲಿ ಎಂಬ ನಿಯಮಗಳಲ್ಲಿ ನ್ಯಾಯವಿದೆ. ಪರರ ಕಥೆಯನ್ನು ಜೀವನೋಪಾಯ ಮಾಡಿಕೊಳ್ಳುವವನು ಅಭಿಮಾನಿಯ ಗಡಿಯನ್ನು ದಾಟಿ ವರ್ತಕನಾಗುತ್ತಾನೆ. ವರ್ತಕನು ಅಪ್ಪಣೆ ಪಡೆಯಬೇಕಾದುದು ಧರ್ಮ. ಆದರೆ ಹದಿನೈದು ನಿಮಿಷಗಳ ಮಿತಿಗೂ ವ್ಯಾಪಾರಕ್ಕೂ ಏನು ಸಂಬಂಧ? ಕಥೆಯನ್ನು ಮುಂದುವರಿಸಬೇಡವೆಂಬ ವಿಧಿಗೂ ಮುದಿನಟನೊಬ್ಬನು ಸಂತೋಷದಿಂದ ಬಂದು ತನ್ನ ಹಳೆಯ ಪಾತ್ರವನ್ನು ಆಡಬೇಡವೆಂಬ ವಿಧಿಗೂ ಒಡೆಯನ ನಷ್ಟಕ್ಕೂ ಏನು ಸಂಬಂಧ? ಇಲ್ಲಿ ಅಂಕೆಗೆ ಒಳಗಾದುದು ಹಣವಲ್ಲ, ನೈಪುಣ್ಯ. ಅಭಿಮಾನಿಯ ಚಿತ್ರ ಇರಬಹುದು, ಆದರೆ ಒಳ್ಳೆಯದಾಗಿರಬಾರದು ಎಂಬುದು ಈ ವಿಧಿಗಳ ಫಲಿತಾರ್ಥವಾಗುತ್ತದೆ. ಜಾರ್ಜ್ ಟಕೈಯವರು ನಟಿಸಿದ ಆ ಹ್ಯೂಗೊ ನಾಮನಿರ್ದೇಶಿತ ಕಂತು ಈ ನಿಯಮಾವಳಿಯ ಕಾಲದಲ್ಲಿ ಹುಟ್ಟುವುದು ಸಾಧ್ಯವೇ ಇರಲಿಲ್ಲ. ಜೇಮ್ಸ್ ಕಾಲಿಯು ತನ್ನ ಚಿತ್ರನಿರ್ಮಾಣವನ್ನು ನಿಲ್ಲಿಸಿ, ತಾನು ಕಟ್ಟಿದ ನೌಕೆಯ ಒಳಾಂಗಣವನ್ನು ಒಡೆಯರಿಂದ ಪರವಾನಗಿ ಪಡೆದ ಪ್ರದರ್ಶನಾಲಯವನ್ನಾಗಿಸಿದನು. ಟೈಕೊಂಡೆರೋಗ ಎಂಬ ಊರಿನಲ್ಲಿರುವ ಅದನ್ನು ಈಗ ಯಾತ್ರಿಕರು ಟಿಕೇಟು ಕೊಂಡು ನೋಡುತ್ತಾರೆ.

ಅನ್ಯ ಕಥಾಲೋಕಗಳಲ್ಲಿಯೂ ಇದೇ ಎಳೆದಾಟ ನಡೆದಿದೆ. ಇಟಲಿಯ ತರುಣರು ‘ಹ್ಯಾರಿ ಪಾಟರ್’ ಕಥೆಯ ಪ್ರತಿನಾಯಕನ ಯೌವನವನ್ನು ಕುರಿತು ಚಿತ್ರ ತೆಗೆಯಲು ವಂತಿಗೆ ಎತ್ತತೊಡಗಿದಾಗ ವಾರ್ನರ್ ಬ್ರದರ್ಸ್ ಸಂಸ್ಥೆಯು ತಡೆದು, ಮಾತುಕತೆಯ ಬಳಿಕ ಲಾಭವಿಲ್ಲದ ನಿರ್ಮಾಣಕ್ಕೆ ಒಪ್ಪಿತು. 2018ರ ಜನವರಿಯಲ್ಲಿ ಅದು ಉಚಿತವಾಗಿ ಬಿಡುಗಡೆಯಾಯಿತು. ಇಂಗ್ಲೆಂಡಿನ ಕ್ರಿಸ್ ಬೌಷರ್ಡ್ ಎಂಬಾತನು ಮೂರು ಸಾವಿರ ಪೌಂಡುಗಳಷ್ಟು ಅಲ್ಪವೆಚ್ಚದಲ್ಲಿ ಟೋಲ್ಕಿನ್ನರ ಕಥಾಲೋಕವನ್ನು ಆಧರಿಸಿ 2009ರಲ್ಲಿ ‘ದಿ ಹಂಟ್ ಫಾರ್ ಗೊಲ್ಲಮ್’ ಚಿತ್ರವನ್ನು ತೆಗೆದು, ಲಾಭ ಗಳಿಸದ ಕಟ್ಟುಪಾಡಿನ ಮೇಲೆ ಹದಿನೈದು ವರ್ಷ ಜನರಿಗೆ ತೋರಿಸಿದನು. 2024ರ ಮೇ ತಿಂಗಳಲ್ಲಿ ಅದೇ ಹೆಸರಿನ ಅಧಿಕೃತ ಚಿತ್ರವೊಂದು ಬರಲಿದೆಯೆಂಬ ಘೋಷಣೆಯ ಬೆನ್ನಲ್ಲಿಯೇ ಹಳೆಯ ಚಿತ್ರ ಯೂಟ್ಯೂಬಿನಿಂದ ಕಣ್ಮರೆಯಾಯಿತು. ಅಭಿಮಾನಿಗಳು ಕೂಗೆಬ್ಬಿಸಿದ ಮೇಲೆ ಸ್ವಲ್ಪದರಲ್ಲಿಯೇ ಮರಳಿ ಬಂದಿತು. ಒಡೆಯರು ನಿಷ್ಕರುಣಿಗಳೆಂದು ಇದರಿಂದ ತಿಳಿಯಬೇಕಾಗಿಲ್ಲ. ಆದರೆ ಹದಿನೈದು ವರ್ಷ ಬಾಳಿದ ಕೃತಿಯೊಂದರ ಉಳಿವು ಅಳಿವು ಒಂದು ದಿನದ ಮನಸ್ಸನ್ನು ಅವಲಂಬಿಸಿರುವುದು ಯಾವ ಕಲೆಗೂ ಕ್ಷೇಮಕರವಲ್ಲ.

ನಮ್ಮ ದೇಶದ ಶಾಸನದಲ್ಲಿ ಹವ್ಯಾಸಿಯ ವಿಷಯವಾಗಿ ಒಂದು ವಿವೇಕದ ಮಾತುಂಟು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣವು, ಹವ್ಯಾಸಿ ಸಂಘವೊಂದು ಹಣ ಕೊಡದ ಪ್ರೇಕ್ಷಕರ ಮುಂದೆ ಸಾಹಿತ್ಯ, ನಾಟಕ, ಸಂಗೀತ ಕೃತಿಯೊಂದನ್ನು ಪ್ರದರ್ಶಿಸಿದರೆ ಅದು ಉಲ್ಲಂಘನೆಯಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಕನ್ನಡಿಗರಿಗೆ ಈ ವಿಧಿ ಅಪರಿಚಿತವಲ್ಲ; ಡಾ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಗಳನ್ನು ಆಡುವ ಹಕ್ಕನ್ನು ಕುರಿತು ಅವರ ಉಯಿಲಿನ ವಾರಸುದಾರರಿಗೂ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಗೂ ನಡೆದ ವ್ಯಾಜ್ಯದಲ್ಲಿ, 2009ರಲ್ಲಿ ಸುಪ್ರೀಂ ಕೋರ್ಟು ವಾರಸುದಾರರ ಸ್ವಾಮ್ಯವನ್ನು ಮನ್ನಿಸುತ್ತಲೇ, ಪ್ರತಿಬಂಧಕಾಜ್ಞೆಯು ಈ ಪ್ರಕರಣಕ್ಕೆ ಒಳಪಡುವ ಉಚಿತ ಪ್ರದರ್ಶನಗಳಿಗೆ ಅನ್ವಯಿಸದೆಂದು ತಿದ್ದಿತು. ಒಡೆತನವೂ ಉಳಿಯಿತು, ಆಟವೂ ಉಳಿಯಿತು. 2007ರಲ್ಲಿ ಕೋಲ್ಕತ್ತದ ದುರ್ಗಾಪೂಜೆಯ ಮಂಟಪವೊಂದನ್ನು ಹ್ಯಾರಿ ಪಾಟರನ ವಿದ್ಯಾಲಯದ ಆಕಾರದಲ್ಲಿ ಕಟ್ಟಿದುದರ ವಿರುದ್ಧ ಗ್ರಂಥಕರ್ತ್ರಿಯೂ ಚಿತ್ರಸಂಸ್ಥೆಯೂ ದೆಹಲಿ ಹೈಕೋರ್ಟಿಗೆ ಹೋದಾಗಲೂ, ಅದರಲ್ಲಿ ಲಾಭದೃಷ್ಟಿಯಿಲ್ಲವೆಂಬುದನ್ನು ಗಮನಿಸಿ ಆ ಉತ್ಸವ ಮುಗಿಯುವವರೆಗೆ ಮಂಟಪವಿರಲೆಂದು ನ್ಯಾಯಾಲಯ ಬಿಟ್ಟಿತು. ರಂಗಭೂಮಿಯ ಹವ್ಯಾಸಿಗೆ ಶಾಸನವು ಕೊಟ್ಟ ಈ ಆಶ್ರಯ ಕ್ಯಾಮೆರಾ ಹಿಡಿದ ಹವ್ಯಾಸಿಗೆ ಇನ್ನೂ ದೊರೆತಿಲ್ಲ. 1957ರಲ್ಲಿ ಕ್ಯಾಮೆರಾ ಹಿಡಿದ ಹವ್ಯಾಸಿಗಳೇ ವಿರಳರಾಗಿದ್ದರು.

ಕಾಲದ ಮಾತೂ ಇಲ್ಲಿ ವಿಚಾರಾರ್ಹ. 1966ರಲ್ಲಿ ‘ಸ್ಟಾರ್ ಟ್ರೆಕ್’ ಆರಂಭವಾದಾಗ ಅಮೆರಿಕದ ಕೃತಿಸ್ವಾಮ್ಯದ ಅವಧಿ 28 ವರ್ಷ, ನವೀಕರಿಸಿದರೆ ಮತ್ತೆ 28 ವರ್ಷ, ಒಟ್ಟು 56 ವರ್ಷ. ಆ ಲೆಕ್ಕದಂತೆ ಅದರ ಮೊದಲ ಕಂತುಗಳು 2022ರ ಕೊನೆಗೆ ಸರ್ವರ ಸ್ವತ್ತಾಗಬೇಕಾಗಿದ್ದಿತು. 1976ರ ಶಾಸನವೂ 1998ರ ಶಾಸನವೂ ಅವಧಿಯನ್ನು ವಿಸ್ತರಿಸಿ 95 ವರ್ಷಕ್ಕೆ ಒಯ್ದುದರಿಂದ ಈಗ 2061ರ ಕೊನೆಯವರೆಗೆ ಕಾಯಬೇಕು. ಮೊದಲ ಕಂತನ್ನು ಹತ್ತು ವರ್ಷದ ವಯಸ್ಸಿನಲ್ಲಿ ನೋಡಿದ ಬಾಲಕನು, ಆ ಕಥೆಯನ್ನು ತಾನು ನಿರ್ಭಯವಾಗಿ ಮುಂದುವರಿಸಬೇಕಾದರೆ, ನೂರೈದು ವರ್ಷ ದಾಟಿ ಬದುಕಿರಬೇಕು. ಪಂಪನಿಗೂ ಕುಮಾರವ್ಯಾಸನಿಗೂ ಭಾರತಕಥೆಯನ್ನು ತಮ್ಮ ತಮ್ಮ ಕಾಲಕ್ಕೆ ತಕ್ಕಂತೆ ಹೊಸದಾಗಿ ಹೇಳಲು ಯಾರನ್ನೂ ಕೇಳಬೇಕಾಗಿರಲಿಲ್ಲವೆಂದು ಹೇಳಿ ಇಂದಿನ ಒಡೆಯರನ್ನು ಹಳಿಯುವುದು ಸುಲಭ, ಅದು ಸರಿಯಲ್ಲ. ಇಂದಿನ ಕಥೆಯ ಹಿಂದೆ ಕೋಟ್ಯಂತರ ಹಣವೂ ಸಹಸ್ರಾರು ಜನರ ಅನ್ನವೂ ಇದೆ, ಮತ್ತು ಗ್ರಂಥಕರ್ತನಿಗೆ ತನ್ನ ಕೃತಿಯ ಫಲ ಸಲ್ಲತಕ್ಕುದೆಂಬ ತತ್ತ್ವವು ನಾಗರಿಕ ಜಗತ್ತು ಕಷ್ಟಪಟ್ಟು ಗಳಿಸಿದ ವಿವೇಕ. ನನ್ನ ಆಕ್ಷೇಪಣೆ ಒಡೆತನದ ಮೇಲಲ್ಲ. ಒಂದು ಮನುಷ್ಯಾಯುಷ್ಯವನ್ನೇ ಮೀರುವಂತೆ ಅದನ್ನು ಬೆಳೆಸಿ, ಆ ಅವಧಿಯಲ್ಲಿ ಕಥೆಯನ್ನು ಪ್ರೀತಿಸಿದವರಿಗೆ ಕೃಪೆಯ ಹೊರತು ಹಕ್ಕೇ ಇಲ್ಲದಂತೆ ಮಾಡಿರುವುದರ ಮೇಲೆ.

ಈ ಚರಿತ್ರೆಯಿಂದ ನಾನು ಕಲಿತ ಪಾಠವಿಷ್ಟು. ನಿಜವಾದ ಅಭಿಮಾನಿಯು ಎಂದೂ ಕೇಳದಿದ್ದುದು ಹಣ. ಎಂದೂ ಬಿಡದಿದ್ದುದು ಪರಿಶ್ರಮ. ಆದುದರಿಂದ ಗೆರೆಯನ್ನು ಎಳೆಯುವವರು ಅದನ್ನು ವ್ಯಾಪಾರದ ಮೇಲೆ ಎಳೆಯಲಿ: ಮಾರಾಟವಿಲ್ಲ, ಸಂಬಳವಿಲ್ಲ, ಅಧಿಕೃತವೆಂಬ ಭ್ರಮೆಯನ್ನು ಹುಟ್ಟಿಸುವಂತಿಲ್ಲ ಎಂದು ವಿಧಿಸಲಿ. ಚಿತ್ರದ ಉದ್ದವನ್ನೂ ಕಥೆಯ ಬೆಳವಣಿಗೆಯನ್ನೂ ನಟನ ಅನುಭವವನ್ನೂ ಅಳೆಯುವುದನ್ನು ಬಿಡಲಿ. ಆ ಗೆರೆಯ ಒಳಗಿನ ನೆಲವು ಒಡೆಯನ ದಯೆಯ ಮೇಲೆ ನಿಲ್ಲದೆ, ನಮ್ಮ ಹವ್ಯಾಸಿ ರಂಗಸಂಘಗಳಿಗೆ ಸಿಕ್ಕಿರುವಂತೆ, ಶಾಸನದ ಮಾತಿನ ಮೇಲೆಯೇ ನಿಲ್ಲಲಿ. ಹಾಗಾದ ದಿನ ಒಡೆಯನು ಕಳೆದುಕೊಳ್ಳುವುದು ಏನೂ ಇಲ್ಲ. ಅವನ ಕಥೆಯನ್ನು ಮುಂದಿನ ತಲೆಮಾರಿಗೆ ಕೈಹಿಡಿದು ನಡೆಸುವವರು ಮಾತ್ರ ಭಯವಿಲ್ಲದೆ ತಮ್ಮ ವಿದ್ಯೆಯನ್ನು ಕಲಿಯುವರು, ಮತ್ತು ನಾಳೆ ಹೊಸ ಕಥೆಗಳನ್ನು ಕಟ್ಟಬಲ್ಲವರು ಅವರೊಳಗಿನಿಂದಲೇ ಮೂಡಿಬರುವರು.